ಬರೆಯುವ ಕೈ

ಪೇಂಟರನ ಕೈ ನಡುಗಲು ಶುರುವಾದದ್ದು ಅವನ ತಲೆಯೊಳಗಿನ ದನಿಗಳು ಅಡಗಿದ ಮೇಲೆ.

ಅದಕ್ಕೆ ಮುಂಚೆ ಅವನ ಕೈ ಇಡೀ ಪೇಟೆಗೆ ಹೆಸರಾಗಿತ್ತು. ದಾರ ಹಿಡಿಯದೆ, ಪಟ್ಟಿ ಇಡದೆ, ಅಂಗಡಿಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತಿದ್ದ. ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಹಲ್ಲಿನ ಡಾಕ್ಟರು, ಹೀಗೆ ಮುಖ್ಯ ರಸ್ತೆಯ ಬೋರ್ಡುಗಳಲ್ಲಿ ಅರ್ಧಕ್ಕರ್ಧ ಅವನು ಬರೆದವೇ. ಜನ ಅವನನ್ನು ಗೆರೆ ಮಾಸ್ತರ ಎಂದು ಕರೆಯುತ್ತಿದ್ದರು. ಆಮೇಲೆ ಒಂದು ಬೇಸಿಗೆಯಲ್ಲಿ ಅವನು ಬರೆದ ಅಕ್ಷರಗಳೇ ಅವನನ್ನು ಬೈಯಲು ಶುರುಮಾಡಿದವು. ಮೊದಮೊದಲು ಬರೀ ಗೊಣಗು. ಆಮೇಲೆ ಅವನ ಹೆಂಡತಿಯ ಮೇಲೆ ಹೊಲಸು ಮಾತು. ಅವನು ಊಟ ಬಿಟ್ಟ, ನಿದ್ದೆ ಬಿಟ್ಟ, ಒಂದು ದಿನ ಬಣ್ಣದ ಡಬ್ಬಿಗಳನ್ನೆಲ್ಲ ಚರಂಡಿಗೆ ಸುರಿದ. ಆಸ್ಪತ್ರೆಗೆ ಸೇರಿಸಿದರು, ಮಾತ್ರೆ ಕೊಟ್ಟರು. ದನಿಗಳು ಹೋದವು. ಹೋಗುವಾಗ ಕೈಯ ಹಿಡಿತವನ್ನೂ ಜೊತೆಗೆ ಒಯ್ದವು.

ಮನೆಗೆ ಮರಳಿದ ಮೇಲೆ ಅವನನ್ನು ನೋಡಿಕೊಳ್ಳುವ ಹೊಣೆ ಸಿಸ್ಟರಿನ ಪಾಲಿಗೆ ಬಂತು. ಅವಳು ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿ ಬರುವ ನರ್ಸು. ಐವತ್ತರ ಹತ್ತಿರದ ವಯಸ್ಸು, ಹೆಗಲಿಗೊಂದು ಭಾರದ ಬ್ಯಾಗು, ಎರಡು ಬಸ್ಸು ಬದಲಿಸಿ ಬರುವ ದಣಿವು. ವಾರಕ್ಕೊಮ್ಮೆ ಬಂದು ಅವನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಒಂದು ಲೋಟ ಟೀ ಕುಡಿದು ಹೋಗುತ್ತಿದ್ದಳು. ಪೇಂಟರ್ ಅವಳನ್ನು ಅಕ್ಕ ಎನ್ನುತ್ತಿದ್ದ. ಅಕ್ಕಪಕ್ಕದವರು ನಿಜವಾಗಿಯೂ ಅಕ್ಕನೇ ಇರಬೇಕೆಂದುಕೊಂಡಿದ್ದರು. ಅವಳು ತಿದ್ದಲು ಹೋಗಲಿಲ್ಲ. ಅಕ್ಕ ಬಂದಳು ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಹುಚ್ಚಿನ ನರ್ಸು ಬಂದಳು ಎಂದರೆ ಕಿಟಕಿಗಳೆಲ್ಲ ತೆರೆಯುತ್ತವೆ.

ಅವಳ ಕೈಯಲ್ಲಿ ಆಗ ಏನೂ ಇರಲಿಲ್ಲ. ನೋಡಬಹುದಿತ್ತು, ಕೇಳಬಹುದಿತ್ತು, ಡಾಕ್ಟರು ಬರೆದ ಸೂಜಿ ಚುಚ್ಚಬಹುದಿತ್ತು, ಇಲ್ಲಿಯ ಮಾತನ್ನು ಅಲ್ಲಿಗೆ ಮುಟ್ಟಿಸಬಹುದಿತ್ತು. ಮಾತ್ರೆಯ ಅರ್ಧ ಚೂರು ಹೆಚ್ಚು ಮಾಡಲಿಕ್ಕೂ ಕಡಿಮೆ ಮಾಡಲಿಕ್ಕೂ ಡಾಕ್ಟರ ಸಹಿ ಬೇಕು. ಡಾಕ್ಟರು ಆರೋಗ್ಯ ಕೇಂದ್ರಕ್ಕೆ ವಾರ ಬಿಟ್ಟು ವಾರ ಬರುತ್ತಿದ್ದರು. ಬಂದ ದಿನ ಹೊರಗೆ ಜಾತ್ರೆಯಂತೆ ಜನ. ಒಬ್ಬೊಬ್ಬರಿಗೂ ಬಿಸಿ ಟೀ ಕುಡಿಯುವ ಹದಕ್ಕೆ ಬರುವಷ್ಟು ಹೊತ್ತೂ ಸಿಗುತ್ತಿರಲಿಲ್ಲ.

ಪೇಂಟರ್ ಡಾಕ್ಟರ ಮುಂದೆ "ಚೆನ್ನಾಗಿದ್ದೀನಿ ಸಾರ್" ಎಂದು ಎದ್ದು ಬರುತ್ತಿದ್ದ. ಉಳಿದದ್ದೆಲ್ಲ ಸಿಸ್ಟರಿನ ಮುಂದೆ.

"ಅಕ್ಕ, ಮಾತ್ರೆ ಬಿಟ್ಟಿದ್ದೆ," ಎಂದ ಒಂದು ಸಲ, ಟೀ ಸೋಸುತ್ತಾ.

"ಯಾವಾಗಿಂದ?"

"ಹಿಂದಿನ ವಾರ. ಕೀಲಿ ಅಂಗಡಿಯವರದ್ದು ಸಣ್ಣ ಬೋರ್ಡು ಬಂದಿತ್ತು. ಎರಡು ದಿನ ಬಿಟ್ರೆ ಕೈ ನಿಲ್ಲುತ್ತೆ."

"ನಿಂತಿತಾ?"

"ಕೈ ನಿಂತಿತು. ಮೂರನೇ ದಿನ ಕೀಲಿ ಅನ್ನೋ ಪದ ನನ್ನ ಕಡೆ ತಿರುಗಿ ನಕ್ಕಿತು. ಹೆದರಿ ಎರಡು ಒಟ್ಟಿಗೆ ನುಂಗಿದೆ." ಆಮೇಲೆ ತಲೆ ತಗ್ಗಿಸಿ ಕೇಳಿದ, "ಡಾಕ್ಟ್ರಿಗೆ ಹೇಳಲ್ಲ ತಾನೇ?"

"ಹೇಳ್ತೀನಿ. ಆದ್ರೆ ನೀನು ಬೈಸಿಕೊಳ್ಳದ ಹಾಗೆ ಹೇಳ್ತೀನಿ."

ಅವನಿಗೆ ಅಷ್ಟು ಸಾಕಿತ್ತು. ಅವಳೂ ಹಾಗೆಯೇ ಹೇಳಿದಳು. ಅವನ ಕಳ್ಳತನವನ್ನು ಬದಿಗಿಟ್ಟು ಅವನ ಕೈಯ ಕಷ್ಟವನ್ನು ಮುಂದಿಟ್ಟಳು.

"ಕೈ ನಡುಗಿದ್ರೆ ನಡುಗ್ಲಿ ಸಿಸ್ಟರ್," ಎಂದರು ಡಾಕ್ಟರು. "ತಲೆ ಕೆಡೋದಕ್ಕಿಂತ ವಾಸಿ."

"ಅವನ ಹೊಟ್ಟೆಪಾಡೇ ಆ ಕೈ ಸಾರ್."

"ಅದಕ್ಕೂ ಮಾತ್ರೆ ಇದೆ, ಕೊಡೋಣ."

ಕೊಟ್ಟರು. ನಡುಕದ ಮಾತ್ರೆಗೆ ಕೈ ಕೊಂಚ ನಿಂತಿತು. ಬಾಯಿ ಒಣಗಿತು, ಕಣ್ಣು ಮಂಜಾಯಿತು. ಕೈ ಇದ್ದಾಗ ಕಣ್ಣಿಲ್ಲ, ಕಣ್ಣಿದ್ದಾಗ ಕೈಯಿಲ್ಲ ಎನ್ನುವಂತಾಯಿತು ಅವನ ಬಾಳು. ಗೇಟಿಗೆ, ಶಟರಿಗೆ, ನೀರಿನ ತೊಟ್ಟಿಗೆ ಬಣ್ಣ ಬಳಿಯುವ ಕೆಲಸಕ್ಕೆ ಇಳಿದ. ಬಳಿಯುವುದಕ್ಕೂ ಬರೆಯುವುದಕ್ಕೂ ಇರುವ ಅಂತರ ಎಷ್ಟೆಂದು ಅವನು ಯಾರಿಗೂ ಹೇಳಲಿಲ್ಲ. ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದ ಅವನ ಹೆಂಡತಿ ಹೇಳಿದಳು: "ಮನೆಗೆ ಬಂದು ಬ್ರಷ್ ತೊಳೆಯೋದೇ ಇಲ್ಲ ಈಗ. ಮೊದಲು ಮಗೂಗೆ ತಲೆ ತೊಳೆದ ಹಾಗೆ ತೊಳೀತಿದ್ರು."

ಆ ದಿನ ಸಿಸ್ಟರಿನ ಬಾಯಿಂದ ಒಂದು ಮಾತು ಜಾರಿತು. "ನನ್ನ ಕೈಲಿ ಇದ್ದಿದ್ರೆ ಎಂದೋ ಕಡಿಮೆ ಮಾಡ್ತಿದ್ದೆ ಕಣೋ."

ಪೇಂಟರ್ ತಲೆ ಎತ್ತಿ ನೋಡಿದ. ಆ ನೋಟ ಅವಳಿಗೆ ಹಿತವಾಯಿತು.

ಮರುವರ್ಷ ಇಲಾಖೆ ಹೊಸ ನಿಯಮ ತಂದಿತು. ಅನುಭವವಿದ್ದ ನರ್ಸುಗಳು ತರಬೇತಿ ಪಡೆದು ಪರೀಕ್ಷೆ ಪಾಸಾದರೆ ಕೆಲವು ಔಷಧಿಗಳನ್ನು ತಾವೇ ಬರೆಯಬಹುದು, ಏರಿಸಬಹುದು, ಇಳಿಸಬಹುದು. ಡಾಕ್ಟರುಗಳು ಸಾಲುತ್ತಿಲ್ಲವಾದ್ದರಿಂದ ಬಂದ ನಿಯಮವೇ ಹೊರತು ನರ್ಸುಗಳ ಮೇಲಿನ ಗೌರವದಿಂದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಸಿಸ್ಟರಿಗೆ ಹುರುಪು ಬಂತು. ಬಸ್ಸಿನಲ್ಲಿ ಓದಿದಳು, ಅನ್ನ ಬೇಯುವಾಗ ಓದಿದಳು. ಬಸ್ ಕಂಡಕ್ಟರಾಗಿದ್ದ ಅವಳ ಗಂಡ ಕೊಂಕು ಮಾತಾಡುತ್ತಲೇ ಪ್ರಶ್ನೆ ಕೇಳಿ ಕಲಿಸಿದ. ಪಾಸಾದ ದಿನ ಹೇಳಿದ: "ಮನೇಲಿ ಒಬ್ಬ ಚೀಟಿ ಹರಿಯೋನು, ಒಬ್ಬಳು ಚೀಟಿ ಬರೆಯೋಳು. ಈಗ ಜೋಡಿ ಸರಿಹೋಯ್ತು."

ತರಬೇತಿಯಲ್ಲಿ ಒಬ್ಬ ವಯಸ್ಸಾದ ಶಿಕ್ಷಕಿ ಒಂದು ಮಾತು ಹೇಳಿದ್ದರು. "ನೀವು ಅವರ ಮನೆಯವರಲ್ಲ. ಮನೆಯವರ ಹಾಗೆ ಇರೋದು ಸುಲಭ, ಬರೆಯೋದೂ ಸುಲಭ. ಎರಡನ್ನೂ ಒಬ್ಬರೇ ಮಾಡೋಕೆ ಹೋಗಬೇಡಿ." ಇದು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಹೇಳುವ ಮಾತು ಎಂದು ಸಿಸ್ಟರ್ ಅಂದುಕೊಂಡಳು.

ಅಧಿಕಾರ ಸಿಕ್ಕ ಮೇಲೆ ಮೊದಲ ಸಲ ಅವಳು ಪೇಂಟರನ ಮನೆಗೆ ಹೋದಾಗ ಅಡುಗೆಮನೆಯ ಸ್ಟೂಲು ಕಾಣಲಿಲ್ಲ. ಹಾಲಿನಲ್ಲಿ ಕುರ್ಚಿ ಒರೆಸಿ ಇಟ್ಟಿದ್ದರು. ಹೆಂಡತಿ ಬೇಕರಿಗೆ ರಜೆ ಹಾಕಿದ್ದಳು. ಪೇಂಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಮೇಡಂ."

ಅವಳು ನಕ್ಕಳು. "ಇದೇನೋ ಹೊಸ ವೇಷ?"

"ಈಗ ನೀವು ಬರೆಯೋರಲ್ವಾ."

ಅವನೇನೂ ಹೆಚ್ಚು ಬೇಡಲಿಲ್ಲ. ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ತಮ್ಮಷ್ಟಕ್ಕೆ ತಾವೇ ಏನನ್ನೋ ಎಣಿಸುತ್ತಿದ್ದವು. ಹೆಂಡತಿ ಗಂಡನ ಕೈಯನ್ನು ನೋಡಲಾರದೆ ಗೋಡೆಯತ್ತ ತಿರುಗಿದಳು.

ಸಿಸ್ಟರ್ ಅವಸರ ಮಾಡಲಿಲ್ಲ. ಕೇಂದ್ರಕ್ಕೆ ಹೋಗಿ ಅವನ ಹಳೆಯ ಕಾಗದಗಳನ್ನೆಲ್ಲ ಓದಿದಳು. ಒಮ್ಮೆ ಆಸ್ಪತ್ರೆಗೆ ಸೇರಿದ್ದ ರೋಗಿಯ ಔಷಧಿ ಇಳಿಸುವ ಮುನ್ನ ಡಾಕ್ಟರೊಡನೆ ಮಾತಾಡಬೇಕೆಂಬ ನಿಯಮವಿತ್ತು. ಫೋನು ಮಾಡಿದಳು.

"ನಿಮಗೀಗ ಅಧಿಕಾರ ಕೊಟ್ಟಿದ್ದಾರಲ್ಲ ಸಿಸ್ಟರ್, ನನ್ನನ್ಯಾಕೆ ಕೇಳ್ತೀರಿ?" ಎಂದರು ಡಾಕ್ಟರು.

"ನಿಮ್ಮ ಜೊತೆ ಮಾತಾಡಬೇಕು ಅಂತಿದೆ ಸಾರ್."

"ಮಾತಾಡಿದ್ರಲ್ಲ. ಕೇಳಿಸ್ಕೊಂಡೆ."

"ಇಳಿಸಬಹುದು ಅಂತಲೋ, ಬೇಡ ಅಂತಲೋ?"

"ನೀವು ನೋಡಿರೋ ರೋಗಿ. ನಿಮಗೇ ಚೆನ್ನಾಗಿ ಗೊತ್ತು," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಫೋನಿಟ್ಟರು.

ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬರೆಯಲಿಲ್ಲ, ಒಂದು ವಾರ ತಡೆದೇ ಬರೆದಳು. ಆದರೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ ಎಂಬುದೂ ನಿಜ. ಮಾತ್ರೆಯ ಕಾಲು ಭಾಗ ಇಳಿಸಿದಳು. ಇಳಿಸುವಾಗ ಕಟ್ಟುನಿಟ್ಟಾಗಿ ಹೇಳಿದಳು, "ಸಣ್ಣ ಗೊಣಗು ಕೇಳಿದ್ರೂ ನನಗೆ ಹೇಳ್ಬೇಕು. ನಿದ್ದೆ ಕಡಿಮೆ ಆದ್ರೂ ಹೇಳ್ಬೇಕು."

"ಹೇಳ್ತೀನಿ ಮೇಡಂ."

"ಅಕ್ಕ ಅನ್ನು."

"ಹೇಳ್ತೀನಿ ಅಕ್ಕ."

ಮುಂದಿನ ವಾರ ಮತ್ತೆ ಮೇಡಂ ಎಂದ.

ಕೈ ನಿಂತಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಕನ್ನಡಕದ ಅಂಗಡಿಯವನು ಮಾಸಿದ ಬೋರ್ಡನ್ನು ಹೊಸದಾಗಿ ಬರೆಸಿದ. ಬೇಕರಿಯ ಯಜಮಾನ ಗಾಜಿನ ಮೇಲೆ ಬರೆಸಿದ. ಸಿಸ್ಟರ್ ಬಸ್ಸಿಳಿದು ನಡೆಯುವಾಗ ಸುತ್ತು ಬಳಸಿಯಾದರೂ ಆ ಗಾಜನ್ನು ನೋಡಿಕೊಂಡು ಬರುತ್ತಿದ್ದಳು. ಹಸಿರು ಅಕ್ಷರ, ಸುತ್ತ ತೆಳ್ಳಗೆ ಹಳದಿ ಅಂಚು. ಅಂಚಿನಲ್ಲಿ ಎಲ್ಲೂ ಅಳುಕಿಲ್ಲ. ಅದನ್ನು ತಾನೇ ಬರೆದಂತೆ ಅವಳಿಗೆ ಅನಿಸುತ್ತಿತ್ತು. ಕೆಲವು ತಿಂಗಳ ನಂತರ ಮತ್ತೊಂದು ಚೂರು ಇಳಿಸಿದಳು.

ಆಗ ಅವನು ಅವಳಿಗೊಂದು ಹೆಸರಿನ ಫಲಕ ಬರೆದುಕೊಟ್ಟ. ಮರದ ಹಲಗೆ, ಗಾಢ ನೀಲಿ, ಬಿಳಿ ಅಕ್ಷರದಲ್ಲಿ ಅವಳ ಹೆಸರು. ರೋಗಿಗಳಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ಅವಳಿಗೆ ಗೊತ್ತಿತ್ತು. ಬೇಡವೆಂದಳು. ಅವನ ಮುಖ ಬಾಡಿತು.

"ಕೈ ಸರಿಹೋಗಿದೆ ಅಂತ ತೋರಿಸೋಕೆ ಬರೆದೆ, ಅಷ್ಟೇ."

ತೆಗೆದುಕೊಂಡಳು. ಮನೆಯ ಬಾಗಿಲ ಪಕ್ಕ ಗಂಡ ಮೊಳೆ ಹೊಡೆದ. "ಮನೆ ನನ್ನದು, ಬೋರ್ಡು ನಿಂದು," ಎಂದು ಗೊಣಗಿದರೂ ಬಟ್ಟೆಯಿಂದ ಒರೆಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

ಆ ದಿನಗಳಲ್ಲಿ ಪೇಂಟರನ ಮನೆಯ ಭೇಟಿ ಬೇಗ ಮುಗಿಯುತ್ತಿತ್ತು. ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ. ನಿದ್ದೆ? ಬರುತ್ತೆ. ದನಿ? ಇಲ್ಲ. ಟೀ ಹಾಲಿಗೇ ಬರುತ್ತಿತ್ತು, ತಟ್ಟೆಯ ಮೇಲೆ. ಅವಳಿಗೆ ನೋಡಬೇಕಾದ ಮನೆಗಳು ಹೆಚ್ಚಾಗಿದ್ದವು. ಬೇಗ ಮುಗಿಯುವ ಮನೆ ಇದ್ದರೆ ಯಾರಿಗೆ ಬೇಡ. ಒಂದು ಸಲ ಮೂಲೆಯಲ್ಲಿದ್ದ ರೇಡಿಯೋಗೆ ಟವೆಲು ಸುತ್ತಿ ಹಗ್ಗ ಬಿಗಿದದ್ದು ಕಣ್ಣಿಗೆ ಬಿತ್ತು.

"ಇದ್ಯಾಕೆ ಹೀಗೆ?"

"ಬಣ್ಣದ ಧೂಳು ಮೇಡಂ," ಎಂದ ಪೇಂಟರ್.

ಬಣ್ಣಕ್ಕೆ ಧೂಳು ಎಲ್ಲಿಂದ ಬರಬೇಕು. ಹಿಂದಿನ ದಿನಗಳಾಗಿದ್ದರೆ ಅವಳು ಲೋಟ ಕೆಳಗಿಟ್ಟು, "ಹೌದಾ, ರೇಡಿಯೋ ಏನಂತು?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಅವನೂ ಹೇಳುತ್ತಿದ್ದ. ಈಗ ಕೇಳಿದರೆ ಉತ್ತರ ಬಂದುಬಿಡಬಹುದು. ಬಂದರೆ ಇಳಿಸಿದ್ದನ್ನು ಏರಿಸಬೇಕು, ಏರಿಸಿದರೆ ಕೈ ಮತ್ತೆ ನಡುಗುತ್ತದೆ, ಡಾಕ್ಟರು ನಗುತ್ತಾರೆ. ಇದನ್ನೆಲ್ಲ ಅವಳು ಆಗ ಕೂತು ಯೋಚಿಸಿದಳೆಂದಲ್ಲ. ಕೈಗಡಿಯಾರ ನೋಡಿಕೊಂಡು ಎದ್ದಳು. ಬಾಗಿಲಲ್ಲಿ ಹೆಂಡತಿಯನ್ನು ಕೇಳಿದಳು, "ಚೆನ್ನಾಗಿ ಮಲಗ್ತಾನಾ?"

ಹೆಂಡತಿ ಒಮ್ಮೆ ಒಳಗೆ ನೋಡಿದಳು. ಗಂಡ ಬ್ರಷ್ಷುಗಳನ್ನು ಒಂದೊಂದಾಗಿ ತೊಳೆದು ಬಟ್ಟೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದ.

"ಮಲಗ್ತಾರೆ," ಎಂದಳು.

ಶಾಲೆಯವರು ಉದ್ದನೆಯ ಕಾಂಪೌಂಡು ಗೋಡೆಯನ್ನು ಬರೆಯಲು ಕೊಟ್ಟರು. ಮಕ್ಕಳಿಗೆ ಬುದ್ಧಿ ಹೇಳುವ ಮಾತುಗಳು, ಆಳೆತ್ತರದ ಅಕ್ಷರ. ಅಷ್ಟು ದೊಡ್ಡ ಕೆಲಸ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅರ್ಧ ಗೋಡೆ ಮುಗಿದಿತ್ತು. ಒಂದು ಬೆಳಿಗ್ಗೆ ಮಕ್ಕಳು ಶಾಲೆಗೆ ಬಂದು ನೋಡಿದರೆ ಬರೆದ ಅರ್ಧವೂ ಕಪ್ಪು. ಒಂದು ಅಕ್ಷರವೂ ಉಳಿದಿಲ್ಲ. ಪೇಂಟರ್ ಅಲ್ಲಿರಲಿಲ್ಲ. ಏಣಿ, ಡಬ್ಬಿ ಹೊತ್ತು ಮುಖ್ಯ ರಸ್ತೆಗೆ ಹೋಗಿದ್ದ. ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಚಪ್ಪಲಿ ಅಂಗಡಿಯ ಬೋರ್ಡಿಗೆ ಕಪ್ಪು ಬಳಿದ. ಕನ್ನಡಕದ ಅಂಗಡಿಯದ್ದಕ್ಕೆ ಬಳಿದ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಹಲ್ಲಿನ ಚಿತ್ರ ಬಿಟ್ಟು ಅಕ್ಷರ ಮಾತ್ರ ಅಳಿಸಿದ; ಚಿತ್ರ ಬೈಯುತ್ತಿರಲಿಲ್ಲವಂತೆ. ಔಷಧಿ ಅಂಗಡಿಯ ಹತ್ತಿರ ಬಂದಾಗ ಅಂಗಡಿಯವನು ಕೆಳಗಿಂದ ಏಣಿ ಹಿಡಿದು ಅಲ್ಲಾಡಿಸಿದ. ಬೀಳಿಸಬೇಕೆಂದಲ್ಲ, ಇಳಿಸಬೇಕೆಂದು. ಪೇಂಟರ್ ಬಲಗೈ ಊರಿ ಬಿದ್ದ.

ಹೆಂಡತಿ ಬೇಕರಿಯ ಫೋನಿನಿಂದ ಸಿಸ್ಟರಿಗೆ ಹೇಳಿದಾಗ ಅವಳು ಇನ್ನೊಬ್ಬರ ಮನೆಯಲ್ಲಿ ಮತ್ತೊಂದು ಚೀಟಿ ಬರೆಯುತ್ತಿದ್ದಳು.

ವಾರ್ಡಿನಲ್ಲಿ ಅವನು ಕಿಟಕಿ ಪಕ್ಕದ ಮಂಚದ ಮೇಲಿದ್ದ. ಬಲಗೈ ಮೊಣಕೈವರೆಗೆ ಬಿಳಿ ಪ್ಲಾಸ್ಟರಿನೊಳಗೆ. ಮಣಿಕಟ್ಟಿನಲ್ಲಿ ಎರಡು ಕಡೆ ಮುರಿದಿತ್ತು. ಬಲವಾದ ಸೂಜಿ ಕೊಟ್ಟಿದ್ದರು, ನಾಲಿಗೆ ದಪ್ಪವಾಗಿತ್ತು. ಎಡಗೈ ಹೊದಿಕೆಯ ಮೇಲೆ ನಡುಗುತ್ತಿತ್ತು. ಸಿಸ್ಟರ್ ಮಂಚದ ಅಂಚಿಗೆ ಕೂತಳು.

"ಎಂದಿಂದ ಕೇಳ್ತಿತ್ತು?"

"ನಿಮಗೆ ಫಲಕ ಬರೆಯೋಕೂ ಮುಂಚೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏರಿಸ್ತಿದ್ರಿ."

"ಮೊದಲೆಲ್ಲ ಹೇಳ್ತಿದ್ದೆಯಲ್ಲೋ. ಮಾತ್ರೆ ಬಿಟ್ಟಿದ್ದನ್ನೂ ಹೇಳ್ತಿದ್ದೆ."

ಅವನು ಅವಳನ್ನೇ ನೋಡಿದ. ಔಷಧಿಯ ಮಂಕಿನಲ್ಲೂ ಅವನಿಗೆ ಆ ಪ್ರಶ್ನೆ ಪೆದ್ದು ಅನಿಸಿರಬೇಕು.

"ಆಗ ನಿಮ್ಮ ಕೈಲಿ ಏನಿತ್ತು," ಎಂದ.

ಹೆಂಡತಿ ಮಂಚದ ಆಚೆ ನಿಂತಿದ್ದಳು. "ನೀನಾದ್ರೂ ಹೇಳಬಹುದಿತ್ತು," ಎಂದು ಸಿಸ್ಟರ್ ಅವಳತ್ತ ತಿರುಗಿದಳು.

"ಅವರು ಬ್ರಷ್ ತೊಳೀತಿದ್ರು ಮೇಡಂ," ಎಂದಳು ಅವಳು.

ಇಲಾಖೆ ವಿಚಾರಣೆ ನಡೆಸಿತು. ಉದ್ದನೆಯ ಮೇಜು, ಆಚೆ ಮೂವರು, ಈಚೆ ಅವಳು. ಪಕ್ಕದ ಕುರ್ಚಿಯಲ್ಲಿ ಡಾಕ್ಟರು. ಔಷಧಿ ಇಳಿಸಿದ ರೀತಿಯಲ್ಲಿ ತಪ್ಪೇನಿಲ್ಲ ಎಂದು ಬೇಗ ಒಪ್ಪಿದರು. ಇಳಿಸಿದ ಪ್ರಮಾಣ ಸರಿ, ನಡುವಿನ ಅಂತರ ಸರಿ. ಡಾಕ್ಟರೊಡನೆ ಮಾತಾಡಿದ್ದಿರಾ ಎಂದರು.

"ಫೋನು ಮಾಡಿದ್ದೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಸಿಸ್ಟರ್ ನನಗೆ ವಿಷಯ ತಿಳಿಸಿದ್ದರು. ಅಭಿಪ್ರಾಯ ಕೇಳಿದ್ದು ನನಗೆ ನೆನಪಿಲ್ಲ. ಅವರ ಅನುಭವದ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು."

ಹೊಗಳಿಕೆಯಂತೆಯೇ ಇತ್ತು. ಅಷ್ಟು ಅಚ್ಚುಕಟ್ಟಾಗಿ ಕೈ ತೊಳೆದುಕೊಂಡವರನ್ನು ಅವಳು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

ಆಮೇಲೆ ನಡುವೆ ಕೂತಿದ್ದ ಹೆಂಗಸು ಕೇಳಿದರು, "ರೋಗಿ ನಿಮ್ಮನ್ನ ಅಕ್ಕ ಅಂತಿದ್ದರಂತೆ?"

"ಮುಂಚೆ ಅಂತಿದ್ದ."

"ನೀವು ಏಕವಚನದಲ್ಲಿ ಮಾತಾಡ್ತಿದ್ರಿ."

"ಹೌದು."

"ಅವರಿಂದ ಒಂದು ಫಲಕ ತಗೊಂಡಿದ್ದೀರಿ. ಮನೆ ಮುಂದೆ ಹಾಕಿದ್ದೀರಿ. ಅದಾದ್ಮೇಲೂ ಔಷಧಿ ಏರಿಸೋ ಯೋಚನೆ ನಿಮಗೆ ಬರಲಿಲ್ಲ."

"ಫಲಕಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದಳು ಸಿಸ್ಟರ್. ಹೇಳುವಾಗಲೇ ಟವೆಲು ಸುತ್ತಿದ ರೇಡಿಯೋ ಕಣ್ಣ ಮುಂದೆ ಬಂತು. ಅದರ ಬಗ್ಗೆ ಅವರು ಕೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ಬಾಯಿ ತೆರೆದಿದ್ದರೆ ಕೆಲಸ ಹೋಗುತ್ತಿತ್ತು. ಪೇಂಟರ್ ಬಾಯಿ ಮುಚ್ಚಿಕೊಂಡದ್ದೂ ಕೆಲಸಕ್ಕಾಗಿಯೇ ಎಂಬುದು ಅವಳಿಗೆ ಅಲ್ಲೇ, ಆ ಕುರ್ಚಿಯಲ್ಲೇ, ಹೊಳೆಯಿತು.

ಹೊರಗೆ ಬಂದ ಮೇಲೆ ಮೆಟ್ಟಿಲ ಹತ್ತಿರ ಡಾಕ್ಟರು ಸಿಕ್ಕರು. ಅವರಿಗೂ ಸುಮ್ಮನೆ ಹೋಗಲು ಆಗಲಿಲ್ಲವೇನೋ.

"ಅವನ ಕೈ ನಡುಗ್ತಿದ್ದದ್ದು ನನಗೇನು ಕಾಣ್ತಿರಲಿಲ್ವಾ ಸಿಸ್ಟರ್? ನಾನು ಬಿಗಿಯಾಗಿದ್ದೆ, ನೀವು ಸಡಿಲವಾಗಿದ್ರಿ. ನನ್ನ ಹತ್ರ ಸುಳ್ಳು ಹೇಳಿ ನಿಮ್ಮ ಹತ್ರ ನಿಜ ಹೇಳ್ತಿದ್ದ. ಅದರಿಂದ ಗಾಡಿ ಓಡ್ತಿತ್ತು."

"ಗಾಡಿ ಓಡ್ತಿತ್ತು ಸಾರ್. ಅವನಿಗೆ ಬದುಕೋಕೆ ಆಗ್ತಿರಲಿಲ್ಲ."

"ಈಗ ಆಗ್ತಿದೆಯಾ?"

ಆ ಮಾತಿನಲ್ಲಿ ನಿಜವಿತ್ತು. ಆದರೆ ಅದನ್ನು ಅವತ್ತು ಫೋನಿನಲ್ಲಿ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತಮ್ಮ ಮಾತು ನಿಜವಾಗಲಿ ಎಂದು ಕಾದು ಕೂತವರ ನಿಜ ಅದು. ಅವಳಿಗೆ ಅದನ್ನು ಮುಖಕ್ಕೆ ಹೇಳಬೇಕೆನಿಸಿತು. ಡಾಕ್ಟರು ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದರು.

ತೀರ್ಪು ಬಂತು. ಬರೆಯುವ ಅಧಿಕಾರ ಉಳಿಯಿತು. ಎಲ್ಲೆ ಮೀರಿದ ಸಲಿಗೆಗಾಗಿ ಒಂದು ಎಚ್ಚರಿಕೆ. ಆ ಮನೆಗೆ ಇನ್ನು ಮುಂದೆ ಹೋಗಕೂಡದು. ಫಲಕವನ್ನು ಕಚೇರಿಗೆ ಒಪ್ಪಿಸಬೇಕು. ಗಂಡ ಮೊಳೆ ಕಿತ್ತು ಫಲಕವನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟ. ಎಂದಿನಂತೆ ಏನಾದರೂ ಅನ್ನುತ್ತಾನೆಂದು ಅವಳು ಕಾದಳು. ಅವನು ಗೋಡೆಯ ತೂತಿಗೆ ಬೆರಳು ಒತ್ತಿ ಸುಣ್ಣದ ಪುಡಿ ಉದುರಿಸಿ ಒಳಗೆ ಹೋದ.

ಪೇಂಟರನ ಕೈ ಕೂಡಿಕೊಂಡಿತು, ಆದರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಬ್ರಷ್ಷಿನಂಥ ಸಣ್ಣ ಹಿಡಿ ನಿಲ್ಲುವುದಿಲ್ಲ. ಅಂಗಡಿಯವರು ಕಪ್ಪು ಬಳಿದ ಬೋರ್ಡುಗಳನ್ನು ಕಿತ್ತು ಪ್ರಿಂಟು ಹೊಡೆದ ಫ್ಲೆಕ್ಸ್ ಹಾಕಿಸಿದರು. ಆ ಫ್ಲೆಕ್ಸ್ ಅಂಗಡಿಯಲ್ಲೇ ಅವನಿಗೆ ಕೆಲಸ ಸಿಕ್ಕಿತು. ಯಂತ್ರದಿಂದ ಬಂದ ಹಾಳೆಯನ್ನು ಸುತ್ತಿಡುವುದು, ಅಂಚಿಗೆ ತೂತು ಹೊಡೆಯುವುದು. ತಿಂಗಳಿಗೊಂದು ಸೂಜಿ. ಮಾತ್ರೆಯಾದರೆ ಬಿಡಬಹುದು, ಸೂಜಿಯನ್ನು ಬಿಡಲಾಗುವುದಿಲ್ಲ. ಅವನನ್ನು ನೋಡಲು ಹೊಸ ನರ್ಸೊಬ್ಬ ಹೋಗುತ್ತಿದ್ದ. ಒಳ್ಳೆಯವನೇ. ನಿಂತೇ ಪ್ರಶ್ನೆ ಕೇಳಿ, ಸೂಜಿ ಕೊಟ್ಟು, ಮೊಬೈಲಿನಲ್ಲಿ ಗುರುತು ಹಾಕಿಕೊಂಡು ಬರುತ್ತಿದ್ದ.

ಚಳಿಗಾಲದಲ್ಲಿ ಒಂದು ದಿನ ಪೇಂಟರನ ಹೆಂಡತಿ ಕೇಂದ್ರಕ್ಕೆ ಬಂದಳು. ಬೇಕರಿಯಿಂದ ನೇರವಾಗಿ ಬಂದಿದ್ದಳು, ಮುಂಗೈ ಮೇಲೆ ಹಿಟ್ಟು. ಸಿಸ್ಟರಿನ ಎದುರು ಕೂರದೆ ನಿಂತೇ ಮಾತಾಡಿದಳು.

"ಮಾತೇ ಆಡಲ್ಲ ಮೇಡಂ. ಬಂದ್ರು, ತಿಂದ್ರು, ಗೋಡೆ ಕಡೆ ತಿರುಗಿದ್ರು. ದನಿ ಕೇಳುತ್ತೋ ಇಲ್ವೋ ನಂಗೂ ಹೇಳಲ್ಲ. ನೀವೊಂದ್ಸಲ ಬಂದು ಹೋಗಿ. ಅಡುಗೆಮನೇಲಿ ಕೂತು ಟೀ ಕುಡಿದು ಹೋಗಿ ಸಾಕು."

"ನಾನು ಬರೋ ಹಾಗಿಲ್ಲಮ್ಮ. ಬರಬಾರದು ಅಂತ ಆದೇಶ ಆಗಿದೆ."

"ಔಷಧಿ ಕೊಡೋಕಲ್ಲ."

"ಯಾವುದಕ್ಕೂ."

ಹೆಂಡತಿ ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಬ್ರೆಡ್ಡು ಮುಗಿದಿದೆ ಎಂದು ಗಿರಾಕಿಗೆ ಹೇಳುವವಳಂತೆ ಹೇಳಿದಳು.

"ನೀವು ಬರೀಬಾರದಿತ್ತು. ಬರೀ ಬರ್ಬೇಕಿತ್ತು."

ಅವಳು ಹೋದ ಮೇಲೆ ಸಿಸ್ಟರ್ ಸ್ವಲ್ಪ ಹೊತ್ತು ಮುಂದಿನವರನ್ನು ಕರೆಯಲಿಲ್ಲ. ಮರುದಿನ ಜಿಲ್ಲಾ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು. ತನಗೆ ಬರೆಯುವ ಅಧಿಕಾರ ಬೇಡ, ಹಳೆಯ ಕೆಲಸವನ್ನೇ ಕೊಡಿ, ಮನೆಮನೆಗೆ ಹೋಗಿ ನೋಡಿ ಕೇಳಿ ಬರುವುದಷ್ಟೇ ಸಾಕು ಎಂದಳು.

ಅಧಿಕಾರಿ ಅವಳಿಗಿಂತ ಚಿಕ್ಕವನು, ಒರಟನಲ್ಲ. ಕೂರಲು ಹೇಳಿದ.

"ಅಂಥ ಹುದ್ದೆ ಈಗಿಲ್ಲ ಮೇಡಂ. ಬರೆಯದ ಸಿಸ್ಟರುಗಳ ಹುದ್ದೆಯೆಲ್ಲ ಈ ವರ್ಷದಿಂದ ತೆಗೆದುಬಿಟ್ಟಿದ್ದಾರೆ. ಬರೆಯೋರು ಇದ್ದಾರಲ್ಲ, ಅವರೇ ಸಾಕು ಅಂತ."

"ಕೇಳೋಕೆ ಯಾರು ಹೋಗ್ತಾರೆ?"

"ನೀವೇ. ಬರೆಯೋಕೆ ಹೋದಾಗ ಕೇಳೋದು."

"ನನಗೆ ಹೇಳಲ್ಲ ಅವರು."

ಅಧಿಕಾರಿಗೆ ಅರ್ಥವಾಗಲಿಲ್ಲ. ನಿವೃತ್ತಿಗೆ ಇನ್ನೆಷ್ಟು ವರ್ಷ ಇದೆ ಎಂದು ಕೇಳಿದ. ಅವಳು ಹೇಳಿದಳು. ಹಾಗಾದರೆ ಹೇಗೋ ಕಳೆದುಬಿಡಿ, ದೊಡ್ಡದೇನಲ್ಲ ಎಂದು ಸಮಾಧಾನ ಹೇಳಿದ.

ಆ ಮಧ್ಯಾಹ್ನ ಅವಳ ಪಾಳಿಯಲ್ಲಿ ಬಟ್ಟೆ ಮಿಲ್ಲಿನ ಹಿಂದಿನ ಸಾಲುಮನೆಗಳಿದ್ದವು. ಮೊದಲ ಮನೆಯ ಮುದುಕಿ ಸಿಸ್ಟರಿನ ಹೆಜ್ಜೆ ಸಪ್ಪಳ ಕೇಳಿ, ಆಡುತ್ತಿದ್ದ ಮಾತನ್ನು ಅಲ್ಲೇ ನಿಲ್ಲಿಸಿದಳು. ಒಳಗೆ ಬೇರೆ ಯಾರೂ ಇರಲಿಲ್ಲ. ಸಿಸ್ಟರ್ ಹೊಸ್ತಿಲಲ್ಲಿ ನಿಂತು ಖಾಲಿ ಕೋಣೆಯನ್ನು ನೋಡಿದಳು, ಮುದುಕಿಯನ್ನು ನೋಡಿದಳು.

"ಯಾರ ಜೊತೆ ಮಾತಾಡ್ತಿದ್ರಿ ಅಜ್ಜಿ?"

"ಯಾರ ಜೊತೇನೂ ಇಲ್ಲಮ್ಮ. ಹಾಡು ಹೇಳ್ಕೊಳ್ತಿದ್ದೆ," ಎಂದಳು ಮುದುಕಿ, ಅವಳ ಬ್ಯಾಗಿನ ಮೇಲಿಂದ ಕಣ್ಣು ತೆಗೆಯದೆ.

ಸಿಸ್ಟರ್ ಬ್ಯಾಗನ್ನು ಬಾಗಿಲ ಹೊರಗಿಟ್ಟಳು. ಒಳಗೆ ಹೋಗಿ ನೆಲದ ಮೇಲೆ ಕೂತಳು. ಮುದುಕಿ ಈಗ ಬಾಗಿಲ ಹೊರಗಿನ ಬ್ಯಾಗನ್ನು ನೋಡುತ್ತಾ ಕೂತಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಸಿಸ್ಟರ್ ಎದ್ದು ಬ್ಯಾಗು ತಂದು, ಪೆನ್ನು ತೆಗೆದು, ಹಳೆಯ ಮಾತ್ರೆಯನ್ನೇ ಬರೆದುಕೊಟ್ಟಳು. ಅರ್ಧ ಚೂರು ಹೆಚ್ಚಿಗೆ.